ಬಿರುಕಿಗೆ ಲೋರಾ, ಕಂಪನಕ್ಕೆ ವೈರು

ಹಳೆಯ ಕಲ್ಲಿನ ಗೋಪುರವೊಂದರ ಬಿರುಕು, ಕಂಪನಗಳ ಮೇಲೆ ಸೆನ್ಸರ್ ಹಾಕಿ ಕಣ್ಣಿಡಲು ಹೊರಟಾಗ, ವೈರ್‌ಲೆಸ್ ಅಂದಮೇಲೆ ಗೋಡೆಗೆ ಕೈ ಹಚ್ಚುವ ಗೋಜೇ ಇಲ್ಲ ಅಂದುಕೊಂಡಿದ್ದೆ. ಅರ್ಧ ಮಾತ್ರ ನಿಜ. ಕೇಬಲ್ ತಪ್ಪುತ್ತದೆ, ಆದರೆ ಸೆನ್ಸರ್ ಕಲ್ಲನ್ನು ಕಚ್ಚಿ ಕೂರಲೇಬೇಕು. ಸುಣ್ಣದ ಗಿಲಾವಿನ ಮೇಲೆ ಅಂಟಿಸಿದರೆ ಸಡಿಲಗೊಂಡ ಗಿಲಾವಿನ ಅಲುಗಾಟವೇ ಲೆಕ್ಕಕ್ಕೆ ಬರುತ್ತದೆ, ಗೋಡೆಯದ್ದಲ್ಲ. ಮೊದಲ ತಿಂಗಳ ಅಂಕಿಗಳನ್ನು ನಾನು ಹೀಗೇ ಕಳೆದುಕೊಂಡೆ.

ಆ ಗೋಪುರದಲ್ಲಿ ವೈರಿನ ವ್ಯವಸ್ಥೆ, 2.4 ಗಿಗಾಹರ್ಟ್ಸ್‌ನ ಮೆಶ್ (ಒಂದರಿಂದ ಇನ್ನೊಂದಕ್ಕೆ ಸಂದೇಶ ದಾಟಿಸುವ ವೈರ್‌ಲೆಸ್ ಜಾಲ), ಲೋರಾ (ನಿಧಾನವಾಗಿ, ಆದರೆ ದೂರಕ್ಕೆ ಸಂದೇಶ ಕಳಿಸುವ ರೇಡಿಯೊ) ಮೂರನ್ನೂ ವರ್ಷವಿಡೀ ಜೊತೆಜೊತೆಗೇ ನಡೆಸಿದೆ.

ಹೆಚ್ಚು ಆಸೆ ಇಟ್ಟಿದ್ದು ಮೆಶ್ ಮೇಲೆ. ಸೆಕೆಂಡಿಗೆ 250 ಕಿಲೋಬಿಟ್ ವೇಗ. ಕಂಪನದ ಕಚ್ಚಾ ದತ್ತಾಂಶಕ್ಕೆ ಸಾಕು. ಆದರೆ ದಪ್ಪ ಗೋಡೆ ಆ ತರಂಗವನ್ನು ನುಂಗಿಬಿಡುತ್ತದೆ. ಮೆಟ್ಟಿಲ ಪ್ರತಿ ತಿರುವಿಗೂ ಒಂದು ನೋಡ್, ಅಂದರೆ ಜಾಲದ ಒಂದು ಪುಟ್ಟ ರೇಡಿಯೊ ಪೆಟ್ಟಿಗೆ, ಇಡಬೇಕಾಯಿತು. ನೆರೆಯವರ ಹೊರೆಯನ್ನೂ ಹೊರುವ ನಡುವಿನ ನೋಡ್‌ಗಳ ಬ್ಯಾಟರಿಯೇ ಮೊದಲು ಮುಗಿಯಿತು. ಅದಕ್ಕಿಂತ ದೊಡ್ಡ ತಲೆನೋವು ಪ್ರತಿ ನೋಡ್‌ನೊಳಗಿನ ಗಡಿಯಾರದ್ದು. 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಪಾಲು) ತಪ್ಪುವ ಗಡಿಯಾರದ ಹರಳು ಗಂಟೆಗೆ 72 ಮಿಲಿಸೆಕೆಂಡ್ ಜಾರಬಹುದು. ಗೋಪುರ ಸೆಕೆಂಡಿಗೆ 2 ಸಲ ತೂಗುವುದಾದರೆ ಅಷ್ಟರಲ್ಲಿ ಒಂದು ತೂಗಿನ ಏಳನೇ ಒಂದು ಭಾಗವೇ ಹೆಚ್ಚುಕಮ್ಮಿ. ಆಗ ತುದಿ, ನಡು ಒಟ್ಟಿಗೆ ಅಲುಗುತ್ತಿವೆಯೋ ಎದುರುಬದುರೋ ಹೇಳುವುದು ಹೇಗೆ? ಗಡಿಯಾರಗಳನ್ನು ಪದೇಪದೇ ಸರಿಹೊಂದಿಸುತ್ತಲೇ ಇರಬೇಕು. ಅದಕ್ಕೂ ಬ್ಯಾಟರಿ ತೆರಬೇಕು.

ವೈರಿನದ್ದಕ್ಕೆ ಈ ಯಾವ ರಗಳೆಯೂ ಇಲ್ಲ. ಒಂದೇ ಪೆಟ್ಟಿಗೆ, ಒಂದೇ ಗಡಿಯಾರ. ಗಾಳಿಗೆ ಏಳುವ ಸಣ್ಣ ನಡುಕವೂ ಸ್ಪಷ್ಟ. ನೋಡಲು ಮಾತ್ರ ವಿಕಾರ, ಒಂದು ರಾತ್ರಿ ಇಲಿ ಕೇಬಲ್ ಕಡಿದೂ ಹಾಕಿತು.

ಲೋರಾದಲ್ಲಿ ಕಂಪನ ಕಳಿಸುವುದು ಆಗದ ಮಾತು. ಮೂರು ದಿಕ್ಕಿನ ಕಂಪನವನ್ನು ಅಳತೆಗೆ 16 ಬಿಟ್‌ನಂತೆ ಸೆಕೆಂಡಿಗೆ 100 ಸಲ ಅಳೆದರೆ 4,800 ಬಿಟ್ ಆಗುತ್ತದೆ. ದೂರಕ್ಕೆಂದು ನಿಧಾನಗೊಳಿಸಿದ ಲೋರಾ ಸಾಗಿಸುವುದು 300ನ್ನೂ ಮುಟ್ಟದು. ಆದರೆ ಬಿರುಕಿನ ಅಗಲ, ಗೋಡೆಯ ವಾಲು, ತಾಪಮಾನ ಇವಕ್ಕೆ ಗಂಟೆಗೊಂದು ಸಂದೇಶ ಧಾರಾಳ. ಸಂದೇಶಗಳನ್ನು ಹಿಡಿದುಕೊಳ್ಳುವ ಒಂದೇ ಗೇಟ್‌ವೇ ಇಡೀ ಗೋಪುರಕ್ಕೆ ಸಾಕಾಯಿತು. ವರ್ಷದಲ್ಲಿ ಒಂದು ಬ್ಯಾಟರಿಯನ್ನೂ ಬದಲಿಸಲಿಲ್ಲ.

ಈ ನಿಧಾನದ ಅಳತೆಯನ್ನು ಕಡೆಗಣಿಸುವವರಿಗೆ ನಾನು ಪಾವಿಯಾ ನೆನಪಿಸುತ್ತೇನೆ. 1989ರ ಮಾರ್ಚ್ 17ರಂದು ಇಟಲಿಯ ಆ ಊರಿನ ನಗರ ಗೋಪುರ ಕುಸಿದು 4 ಮಂದಿ ಸತ್ತರು. ಭೂಕಂಪವೇನೂ ಆಗಿರಲಿಲ್ಲ, ಶತಮಾನಗಳ ಭಾರಕ್ಕೆ ಗೋಡೆ ಒಳಗೊಳಗೇ ಸೋತಿತ್ತು.

ಯಾವುದನ್ನೇ ಕೊಳ್ಳಿ, ತಾಪಮಾನದ ಸೆನ್ಸರ್ ಬಿಡಬೇಡಿ. 5 ಮೀಟರ್ ಉದ್ದದ ಕಲ್ಲು 10 ಡಿಗ್ರಿಗೆ ಸುಮಾರು 0.4 ಮಿಲಿಮೀಟರ್ ಹಿಗ್ಗುತ್ತದೆ. ಬಿಸಿಲೇರಿದಂತೆ ಬಿರುಕು ಮುಚ್ಚಿ, ರಾತ್ರಿ ತೆರೆದುಕೊಳ್ಳುತ್ತದೆ. ಮೊದಲ ವಾರ ನಾನು ಗಾಬರಿಪಟ್ಟದ್ದು ಇದಕ್ಕೇ. ವರ್ಷದ ಋತುಚಕ್ರ ಮುಗಿಯುವವರೆಗೆ ಗ್ರಾಫಿನ ಯಾವ ಗೆರೆಯನ್ನೂ ನಂಬಲಾಗದು.

ಈಗ ಲೋರಾ ಗೋಡೆಯ ಮೇಲೆ ಕಾಯಂ. ವೈರಿನ ಪೆಟ್ಟಿಗೆಯನ್ನು ಋತುವಿಗೊಮ್ಮೆ ಹೊತ್ತೊಯ್ದು ಎರಡು ದಿನ ಕಂಪನ ಅಳೆದು ತರುತ್ತೇನೆ. ಮೆಶ್ ಕಪಾಟಿನಲ್ಲಿದೆ.