ಒಂದೇ ಡೇರಿ ಲೆಕ್ಕ, ಮೂರು ಭಾಷೆ: ಜಾವಾ, ಗೋ, ರಸ್ಟ್

ನಮ್ಮೂರು ಮದ್ದೂರಿನ ಹತ್ತಿರ. ಅವ್ವ ದಿನಾ ಎರಡು ಹೊತ್ತೂ ಡೇರಿಗೆ ಹಾಲು ಹಾಕುತ್ತಾಳೆ, ಲೆಕ್ಕವೆಲ್ಲ ಒಂದು ನೋಟ್‌ಬುಕ್ಕಿನಲ್ಲಿ. ಚಿಕ್ಕಪ್ಪನ ಮಗಳು ಮಂಡ್ಯದಲ್ಲಿ ಬಿಸಿಎ ಓದುತ್ತಿದ್ದಾಳೆ. ಪ್ರೋಗ್ರಾಂ ಬರೆಯುವ ಭಾಷೆಗಳಲ್ಲಿ ಪೈಥಾನ್ ಬರುತ್ತೆ. "ಅಣ್ಣ, ಟೈಪ್ ಇರೋ ಭಾಷೆ ಕಲೀಬೇಕು. ಯಾವುದು ಹಿಡೀಲಿ?" ಅಂದಳು. ಟೈಪ್ ಅಂದರೆ ಒಂದು ಮೌಲ್ಯ ಪೂರ್ಣ ಸಂಖ್ಯೆಯೋ, ಪಾಯಿಂಟ್ ಇರುವ ಸಂಖ್ಯೆಯೋ, ಹೆಸರೋ ಅನ್ನುವ ಗುರುತು. ಸುಮ್ನೆ ಬಾಯಿಮಾತಿಗೆ ಹೇಳುವುದು ಬೇಡ ಅಂತ, ಆ ಹಾಲಿನ ಲೆಕ್ಕವನ್ನೇ ಮೂರರಲ್ಲೂ ಬರೆದು ನೋಡಿದೆವು.

ಅವಳ ಮೊದಲ ಪ್ರಶ್ನೆ, ಎಲ್ಲರೂ ಕೇಳುವುದೇ: "ಪ್ರತಿಯೊಂದಕ್ಕೂ ಟೈಪ್ ಯಾಕೆ ಬರೀಬೇಕು?" ನಿಜ ಹೇಳಬೇಕೆಂದರೆ ಈಗ ಅಷ್ಟೊಂದು ಬರೆಯಬೇಕಿಲ್ಲ. ಗೋ, ರಸ್ಟ್ ತಾವೇ ಊಹಿಸುತ್ತವೆ. ಜಾವಾದಲ್ಲೂ 2018ರಿಂದ, ಅಂದರೆ 10ನೇ ಆವೃತ್ತಿಯಿಂದ, ಟೈಪ್ ನೀನೇ ಊಹಿಸಿಕೋ ಅನ್ನುವ 'ವಾರ್' ಪದ ಇದೆ. ಆದರೆ ಬರೆದರೆ ಏನು ಲಾಭ ಅನ್ನುವುದು ಸರಾಸರಿ ತೆಗೆಯುವಾಗ ಗೊತ್ತಾಯಿತು.

ಏಳು ದಿನಕ್ಕೆ 45 ಲೀಟರ್. ದಿನದ ಸರಾಸರಿ 6.43 ಬರಬೇಕು. ಜಾವಾದಲ್ಲಿ ಉತ್ತರ 'ಡಬಲ್', ಅಂದರೆ ಪಾಯಿಂಟ್ ಇರುವ ಸಂಖ್ಯೆ, ಆಗಿರಲಿ ಅಂತ ಬರೆದೇ ಇದ್ದೆವು, ಆದರೂ 6.0 ಬಂತು. ಇಂಟನ್ನು (ಪೂರ್ಣ ಸಂಖ್ಯೆಯನ್ನು) ಇಂಟಿನಿಂದ ಭಾಗಿಸಿದರೆ ಪಾಯಿಂಟ್ ಆಚೆಯದು ಹೋಗುತ್ತೆ, ಉಳಿದದ್ದನ್ನು ಆಮೇಲೆ ಡಬಲ್ ಮಾಡುತ್ತೆ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ವಾರಕ್ಕೆ ಮೂರು ಲೀಟರ್ ಹಾಲು ಲೆಕ್ಕದಿಂದ ಮಾಯ! ಅದೇ ಸಾಲನ್ನು ಗೋದಲ್ಲಿ ಬರೆದರೆ ಕಂಪೈಲೇ ಆಗಲಿಲ್ಲ, ಅಂದರೆ ಓಡುವ ಪ್ರೋಗ್ರಾಂ ಆಗಿ ಬದಲಾಗಲೇ ಇಲ್ಲ: ಇಂಟ್ ಕೊಟ್ಟಿದ್ದೀರಿ, ಫ್ಲೋಟ್ (ಪಾಯಿಂಟ್ ಇರುವ ಸಂಖ್ಯೆ) ಬೇಕು ಅಂತ ನಿಂತಿತು. ರಸ್ಟ್ ಕೂಡ ಹಾಗೇ. ಟೈಪ್ ಬರೆಯದೆ ಬಿಟ್ಟರೆ ಮೂರರಲ್ಲೂ 6 ಅಂತಲೇ ಬರುತ್ತೆ. ಅವಳ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಹಸು ಗಬ್ಬ ಆಗಿ ಹಾಲು ಬತ್ತಿಸಿದ ದಿನಗಳಲ್ಲಿ ನೋಟ್‌ಬುಕ್ಕಿನ ಸಾಲು ಖಾಲಿ. ಜಾವಾದಲ್ಲಿ ಅದು ನಲ್ (ಏನೂ ಇಲ್ಲ ಅನ್ನುವ ಗುರುತು) ಆಯಿತು, ಕೂಡಿಸಲು ಹೋದಾಗ ಪ್ರೋಗ್ರಾಂ ನಡುವೆಯೇ ನಿಂತಿತು. ಗೋದಲ್ಲಿ ಮ್ಯಾಪಿನಿಂದ, ಅಂದರೆ ದಿನ ಕೊಟ್ಟರೆ ಲೀಟರ್ ಹೇಳುವ ಪಟ್ಟಿಯಿಂದ, ಸುಮ್ಮನೆ 0 ಬಂತು. ಇಲ್ಲಿ ಗೋ ನನಗೆ ಹಿಡಿಸಲಿಲ್ಲ: ದಾಖಲೆ ಇದೆಯೋ ಇಲ್ಲವೋ ಅಂತ ನಾವೇ ನೆನಪಿಟ್ಟು ಕೇಳಬೇಕು. ರಸ್ಟ್ 'ಆಪ್ಷನ್' ಕೊಡುತ್ತೆ, ಒಳಗೆ ಸಂಖ್ಯೆ ಇರಬಹುದು, ಇಲ್ಲದೆಯೂ ಇರಬಹುದು ಅನ್ನುವ ಡಬ್ಬಿ ಇದ್ದಂತೆ. ಖಾಲಿ ಇದ್ದರೆ ಏನು ಮಾಡಬೇಕು ಅಂತ ಹೇಳದೆ ಒಳಗಿನ ಸಂಖ್ಯೆ ಕೈಗೆ ಸಿಗುವುದಿಲ್ಲ. ಇದರಲ್ಲಿ ರಸ್ಟೇ ಮೇಲು.

ಊರಿನ ಹೆಸರಲ್ಲೂ ಒಂದು ಪಾಠ ಇತ್ತು. 'ಮಂಡ್ಯ' ಎಷ್ಟು ಉದ್ದ? ಜಾವಾ 5 ಅಂದಿತು. ಗೋ, ರಸ್ಟ್ 15 ಅಂದವು, ಅವು ಎಣಿಸುವುದು ಬೈಟು (ಕಂಪ್ಯೂಟರ್ ಮೆಮೊರಿಯ ಅಳತೆ), ಒಂದೊಂದು ಕನ್ನಡ ಚಿಹ್ನೆಗೆ ಮೂರು ಬೈಟು. ನಮ್ಮ ಕಣ್ಣಿಗೆ ಎರಡೇ ಅಕ್ಷರ, ಅಲ್ವಾ? ಕನ್ನಡ ಹೆಸರುಗಳನ್ನು ಸಾಲಾಗಿ ಜೋಡಿಸಿ ಪ್ರಿಂಟ್ ಮಾಡುವಾಗ ಮೂರೂ ಕೈಕೊಟ್ಟವು.

ರಸ್ಟಿನಲ್ಲಿ ಅವಳು ಎರಡು ಸಂಜೆ ಸಿಕ್ಕಿಕೊಂಡಳು. ಪಟ್ಟಿಯನ್ನು ಒಂದು ಫಂಕ್ಷನ್ನಿಗೆ ಕೊಟ್ಟ ಮೇಲೆ ಮತ್ತೆ ಬಳಸಲು ಬಿಡುವುದಿಲ್ಲ, ಯಾಕೆಂದರೆ ಒಡೆತನ ಅಲ್ಲಿಗೆ ಹೋಯಿತು. ಎರರ್ ಸಂದೇಶ ತುಂಬ ಚೆನ್ನಾಗಿ ಬಿಡಿಸಿ ಹೇಳುತ್ತೆ, ನಿಜ. ಆದರೆ ಟೈಪೇ ಹೊಸದಾಗಿರುವಾಗ ಒಡೆತನವೂ ಜೊತೆಗೆ ಬಂದರೆ ಭಾರ ಜಾಸ್ತಿ.

ಅದಕ್ಕೆ ನಾನು ಗೋ ಹಿಡಿ ಅಂದೆ. ಕಾಲೇಜಿನ ಸಿಲಬಸ್ಸಿಗೆ ಜಾವಾ ಬೇಕೇ ಬೇಕಿದ್ದರೆ ಅದನ್ನೂ ಓದಲಿ, ಭಾಗಾಕಾರದ ಮೇಲೆ ಕಣ್ಣಿಟ್ಟು. ಗೋದಲ್ಲಿ ಅವ್ವನ ಲೆಕ್ಕ ಈಗ ಓಡುತ್ತಿದೆ. ಖಾಲಿ ದಿನಕ್ಕೆ 0 ಬದಲು 'ಹಾಕಿಲ್ಲ' ಅಂತ ತೋರಿಸುವ ಸಾಲನ್ನು ಮೊನ್ನೆ ಅವಳೇ ಸೇರಿಸಿದಳು.