ಸೀಬ್ರೈಟ್ ಮರಿ: ಸಾಕೋಕೆ ಸರಿ, ಶೋಗೆ ಅಲ್ಲ

5ಕ್ಕೆ 3 ಸ್ಟಾರ್. ಒಹಾಯೊದಲ್ಲಿರುವ ನಾವು ಕೋಳಿಮರಿ ತರಿಸಿದ್ದು ಅಂಚೆಯಲ್ಲಿ ಕಳಿಸುವ ಒಂದು ದೊಡ್ಡ ಹ್ಯಾಚರಿಯಿಂದ, ಅಂದರೆ ಮರಿ ಮಾಡಿಸಿ ಮಾರುವವರಿಂದ. ಹೆಸರು ಬೇಡ ಬಿಡಿ.

ಸಿಲ್ವರ್ ಸೀಬ್ರೈಟ್ ಬ್ಯಾಂಟಮ್ ಅನ್ನುವ ಗಿಡ್ಡ ಕೋಳಿ ತಳಿ, 15 ಮರಿ, ಒಂದಕ್ಕೆ 6 ಡಾಲರ್. ಗಂಡು ಹೆಣ್ಣು ಬೇರೆ ಮಾಡಿ ಕೊಡುವುದಿಲ್ಲ, ಬಂದದ್ದು ಬಂತು. ಮರಿ ಮೊಟ್ಟೆ ಒಡೆಯುವ ಮುಂಚೆ ಹಳದಿಯನ್ನೆಲ್ಲ ಹೊಟ್ಟೆಗೆ ಎಳೆದುಕೊಂಡಿರುತ್ತದೆ, ಆ ಬಲದ ಮೇಲೆ ಎರಡು ಮೂರು ದಿನ ನೀರು ಕಾಳಿಲ್ಲದೆ ತಡೆಯುತ್ತದೆ, ಅದಕ್ಕೇ ಅಂಚೆಯಲ್ಲಿ ಕಳಿಸೋಕೆ ಆಗುವುದು. ಒಂದು ಸತ್ತಿತ್ತು, ಫೋನ್ ಮಾಡಿದ ಕೂಡಲೇ ದುಡ್ಡು ವಾಪಸ್. ಉಳಿದ 14 ಚುರುಕಾಗಿದ್ದವು. ಇಲ್ಲಿವರೆಗೆ ದೂರಿಲ್ಲ.

ತಕರಾರು ಅವರ ಫೋಟೋದ ಕೆಳಗಿದ್ದ 'ಶೋ ಕ್ವಾಲಿಟಿ', ಅಂದರೆ ಕೋಳಿ ಪ್ರದರ್ಶನದಲ್ಲಿ ಸ್ಪರ್ಧೆಗೆ ಇಡುವಂಥದ್ದು, ಅನ್ನುವ ಮಾತಿನದು.

ಸೀಬ್ರೈಟ್ ಅಂದರೆ ಲೇಸಿಂಗ್. ಪ್ರತಿ ಗರಿಯೂ ಬೆಳ್ಳಿಯಂಥ ಬಿಳುಪು, ಸುತ್ತ ಕಾಡಿಗೆ ತೀಡಿದ ಹಾಗೆ ಸಣ್ಣ ಕಪ್ಪು ಅಂಚು, ಕುತ್ತಿಗೆಯಿಂದ ಬಾಲದ ತುದಿವರೆಗೂ. ಇಂಗ್ಲೆಂಡಿನ ಸರ್ ಜಾನ್ ಸೀಬ್ರೈಟ್ 1800ರ ನಂತರದ ವರ್ಷಗಳಲ್ಲಿ ಮಾಡಿದ ತಳಿ ಇದು. ಹುಂಜವೇ 22 ಔನ್ಸ್, ಆರುನೂರು ಗ್ರಾಂ ಚಿಲ್ಲರೆ. ಹುಂಜಕ್ಕೂ ಹೇಟೆಯ ಹಾಗೇ ಗರಿ, ಬಾಗಿದ ಉದ್ದ ಬಾಲ ಇರುವುದಿಲ್ಲ. ಊರಿಂದ ಬಂದಿದ್ದ ಅಮ್ಮ "ಎಲ್ಲಾ ಹೇಟೇನೆ ಕೊಟ್ಟವ್ರೆ ಕಣೋ" ಅಂತ ಖುಷಿಪಟ್ಟಿದ್ದರು. ಬೆಳಿಗ್ಗೆ ಐದಕ್ಕೆ ಏಳು ಹುಂಜ ಒಟ್ಟಿಗೆ ಕೂಗುವವರೆಗೆ.

ಮರಿಯಲ್ಲಿ ಬಣ್ಣ ತಿಳಿಯುವುದಿಲ್ಲ. ದೊಡ್ಡ ಗರಿ ಬಂದ ಮೇಲೆ ನೋಡಿದರೆ ಹೆಚ್ಚಿನವಕ್ಕೆ ಬಾಲದಲ್ಲಿ ಕಪ್ಪು ಚುಕ್ಕೆ, ರೆಕ್ಕೆಯಲ್ಲಿ ಅಂಚು ಅರ್ಧಕ್ಕೇ ನಿಂತಿತ್ತು. ಇದ್ದುದರಲ್ಲಿ ಒಳ್ಳೆಯ ಒಂದು ಹೇಟೆಯನ್ನು ಎರಡು ತಿಂಗಳು ನೆರಳಲ್ಲಿಟ್ಟೆ, ಬಿಳಿ ಗರಿ ಬಿಸಿಲಿಗೆ ಹಿತ್ತಾಳೆ ಬಣ್ಣಕ್ಕೆ ತಿರುಗುತ್ತದಲ್ಲ. ಮಕ್ಕಳ ಶ್ಯಾಂಪೂ ಹಾಕಿ, ವಿನೆಗರ್ ನೀರಲ್ಲಿ ಅದ್ದಿ, ಬರೀ ನೀರಲ್ಲಿ ತೊಳೆದು, ಹೇರ್ ಡ್ರೈಯರ್ ಹಿಡಿದು ಶೋಗೆ ಒಯ್ದೆ. ಜಡ್ಜ್ ರೆಕ್ಕೆಯನ್ನು ಬೀಸಣಿಗೆ ಥರ ಬಿಚ್ಚಿ ನೋಡಿ ಕಾರ್ಡಿನ ಮೇಲೆ 'ಮಾಸಿ' (mossy) ಅಂತ ಬರೆದರು. ಬಿಳಿ ಜಾಗದಲ್ಲಿ ಕಪ್ಪು ಹರಡಿದ್ದಕ್ಕೆ ಇಂಗ್ಲಿಷಿನವರ ಮಾತದು, ಕನ್ನಡದಲ್ಲಿ ಓದಿಕೊಂಡರೂ ನಷ್ಟವಿಲ್ಲ ಅಲ್ವಾ! ಕಾಲಿನ ಸ್ಲೇಟು ಬಣ್ಣ ಮಾತ್ರ ಸರಿಯಿದೆ ಅಂದರು. ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ 1874ರಲ್ಲಿ ಮೊದಲ ಸಲ ಅಚ್ಚು ಹಾಕಿದ, ಯಾವ ತಳಿ ಹೇಗಿರಬೇಕು ಅಂತ ಹೇಳುವ ಸ್ಟ್ಯಾಂಡರ್ಡ್ ಪುಸ್ತಕದ ಈಗಿನ ಪ್ರತಿ ಅವರ ಮೇಜಿನ ಮೇಲಿತ್ತು. ಕತ್ತು, ಬೆನ್ನು, ರೆಕ್ಕೆ, ಬಾಲ, ಒಂದೊಂದಕ್ಕೂ ಬೇರೆ ಬೇರೆ ಬಣ್ಣದ ವಿವರ. ಮರಿ ತರಿಸುವ ಮುಂಚೆ ನಾನು ಅದನ್ನು ಓದಿರಲಿಲ್ಲ, ತಪ್ಪು ನನ್ನದೂ ಇದೆ.

ಹ್ಯಾಚರಿಯವರದು ಮೋಸ ಅಂತಲೂ ಹೇಳಲಾರೆ. ಸೀಬ್ರೈಟ್ ಮೊದಲೇ ಮೊಟ್ಟೆಯಲ್ಲಿ ಜಿಪುಣ, ಇಟ್ಟದ್ದರಲ್ಲೂ ಮರಿಯಾಗುವುದು ಕಮ್ಮಿ. ಸಾವಿರಗಟ್ಟಲೆ ಮಾರಬೇಕಾದವರು ಗರಿ ನೋಡಿ ಕೋಳಿ ಹೊರಗಿಡುತ್ತಾ ಕೂತರೆ ಮಾರೋಕೆ ಏನೂ ಉಳಿಯುವುದಿಲ್ಲ. ಆದರೆ ಹಾಗಿದ್ದ ಮೇಲೆ 'ಶೋ ಕ್ವಾಲಿಟಿ' ಅಂತ ಯಾಕೆ ಹಾಕಬೇಕು?

ಹಿತ್ತಲಲ್ಲಿ ಓಡಾಡಿಕೊಂಡಿರಲಿ, ಮಕ್ಕಳಿಗೆ ಖುಷಿ ಅನ್ನುವವರು ಧಾರಾಳವಾಗಿ ತರಿಸಿ. ಶೋ ಆಸೆ ಇದ್ದರೆ ಶೋಗೇ ಹೋಗಿ, ಅಲ್ಲಿ ಬ್ರೀಡರ್‌ಗಳು ಮಾರಾಟಕ್ಕಿಟ್ಟ ಪಂಜರಗಳ ಸಾಲು ಇರುತ್ತದೆ. ನಾನು ಒಂದು ಹುಂಜ ಎರಡು ಹೇಟೆ 90 ಡಾಲರಿಗೆ ತಂದೆ, ರೆಕ್ಕೆ ಬಿಚ್ಚಿ ನೋಡಿಯೇ. ಬೆಳಿಗ್ಗೆ ಬೇಗ ಹೋಗಿ, ಹತ್ತು ಗಂಟೆಗೆಲ್ಲ ಒಳ್ಳೆಯವು ಖಾಲಿ.