ಸ್ಟೆಲ್ಲಾರಿಸ್, ಎಂಡ್‌ಲೆಸ್ ಸ್ಪೇಸ್ 2, ಸಿನ್ಸ್ 2: ಹೊಸಬರು ಮೊದಲು ಯಾವುದನ್ನು ಕಲಿಯಬೇಕು?

ಬಾಹ್ಯಾಕಾಶದ ಸ್ಟ್ರಾಟಜಿ ಆಟ, ಅಂದರೆ ಗ್ರಹ ಹಿಡಿದು ಹಡಗು ಕಟ್ಟಿ ಸಾಮ್ರಾಜ್ಯ ನಡೆಸುವ ಕಂಪ್ಯೂಟರ್ ಆಟ, ಕಲಿಯಬೇಕು ಅಂದರೆ ಯಾರನ್ನು ಕೇಳಿದರೂ ಮೊದಲು ಹೇಳುವ ಹೆಸರು ಸ್ಟೆಲ್ಲಾರಿಸ್. ನಾನು ಮತ್ತು ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗ, ವಿಜಯನಗರದ ಮನೆಯಲ್ಲಿ ಒಂದೇ ಕಂಪ್ಯೂಟರ್ ಮುಂದೆ ಕೂತು ಮೂರು ಆಟ ಆಡಿ ನೋಡಿದೆವು. ಸ್ಟೆಲ್ಲಾರಿಸ್, ಎಂಡ್‌ಲೆಸ್ ಸ್ಪೇಸ್ 2, ಸಿನ್ಸ್ ಆಫ್ ಎ ಸೋಲಾರ್ ಎಂಪೈರ್ 2. ಇಬ್ಬರಿಗೂ ಈ ಬಗೆಯ ಆಟ ಹೊಸದು. ಮೂರೂ ಒಳ್ಳೆಯ ಆಟಗಳೇ, ಆ ಬಗ್ಗೆ ತಕರಾರಿಲ್ಲ. ಇಲ್ಲಿ ನಾನು ನೋಡಿದ್ದು ಒಂದೇ ವಿಷಯ: ಸಾಮ್ರಾಜ್ಯದಲ್ಲಿ ಏನಾದರೂ ಕೆಟ್ಟರೆ, ಅದು ಯಾಕೆ ಕೆಟ್ಟಿತು ಅಂತ ಹೊಸಬನಿಗೆ ಕಾಣಿಸುತ್ತದಾ? ಕಾಣಿಸಿದರೆ ಮುಂದಿನ ಸಲ ಸರಿ ಮಾಡಬಹುದು. ಕಾಣಿಸದಿದ್ದರೆ ಸುಮ್ನೆ ಬಟನ್ ಒತ್ತುತ್ತಾ ಕೂರಬೇಕು, ಅಷ್ಟೇ.

ಮೊದಲು ಸ್ಟೆಲ್ಲಾರಿಸ್. ಸ್ವೀಡನ್ನಿನ ಪ್ಯಾರಡಾಕ್ಸ್ 2016ರಲ್ಲಿ ತಂದ ಆಟ. ಇದರಲ್ಲಿ ಟರ್ನ್, ಅಂದರೆ ಚದುರಂಗದ ಹಾಗೆ ಸರದಿ ಪ್ರಕಾರ ಆಡುವುದು, ಇಲ್ಲ. 2200ನೇ ಇಸವಿಯಿಂದ ಕ್ಯಾಲೆಂಡರ್ ಓಡಲು ಶುರುವಾಗುತ್ತದೆ, ಸ್ಪೇಸ್ ಬಾರ್ ಒತ್ತಿದರೆ ನಿಲ್ಲುತ್ತದೆ, ನಿಂತಿರುವಾಗಲೂ ಹಡಗುಗಳಿಗೆ ಆದೇಶ ಕೊಡಬಹುದು. ಮೊದಲ ಪರದೆ ನೋಡಿದಾಗ ಹೊಸದಾಗಿ ಊರಿಂದ ಬಂದವರು ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದ ಹಾಗಾಗುತ್ತದೆ. ಬೋರ್ಡುಗಳೆಲ್ಲ ಇವೆ, ಯಾವ ಕಡೆ ಹೋಗಬೇಕು ಅಂತ ಗೊತ್ತಾಗಲ್ಲ. "ಮಾವ, ಮೇಲ್ಗಡೆ ಇಷ್ಟೊಂದು ನಂಬರ್ ಯಾಕಿದೆ?" ಅಂತ ಹುಡುಗ ಕೇಳಿದ. ಕೇಳಬೇಕಾದ ಪ್ರಶ್ನೆಯೇ ಅದು. ಎನರ್ಜಿ, ಮಿನರಲ್, ಆಹಾರ, ಕನ್ಸ್ಯೂಮರ್ ಗೂಡ್ಸ್ (ದಿನಬಳಕೆಯ ವಸ್ತು), ಅಲಾಯ್ (ಮಿಶ್ರಲೋಹ), ಇನ್‌ಫ್ಲುಯೆನ್ಸ್ (ಪ್ರಭಾವ), ಯೂನಿಟಿ (ಒಗ್ಗಟ್ಟು), ಎಲ್ಲಾ ಒಂದೇ ಸಾಲಿನಲ್ಲಿ ಇರುತ್ತವೆ.

ಕಷ್ಟ ಇರುವುದು ನಂಬರ್ ಎಷ್ಟಿವೆ ಅನ್ನುವುದರಲ್ಲಲ್ಲ, ಒಂದು ಇನ್ನೊಂದನ್ನು ತಿನ್ನುವುದರಲ್ಲಿ. ಸಂಶೋಧನೆ ಬೇಗ ಆಗಲಿ ಅಂತ ಲ್ಯಾಬ್ ಕಟ್ಟುತ್ತೀರಿ. ಅಲ್ಲಿ ಕೂರುವ ವಿಜ್ಞಾನಿಗಳಿಗೆ ಪ್ರತಿ ತಿಂಗಳು ಕನ್ಸ್ಯೂಮರ್ ಗೂಡ್ಸ್ ಬೇಕು. ಅದು ಕಮ್ಮಿಯಾಯಿತು ಅಂತ ಕಾರ್ಖಾನೆ ಹಾಕಿದರೆ ಅದು ಮಿನರಲ್ ತಿನ್ನುತ್ತದೆ. ಅದೇ ಮಿನರಲ್‌ನಿಂದಲೇ ಹಡಗು ಕಟ್ಟುವ ಅಲಾಯ್ ಕೂಡ ತಯಾರಾಗಬೇಕು. ಸರಿ, ಮಿನರಲ್ ಜಾಸ್ತಿ ಮಾಡೋಣ ಅಂತ ಗಣಿ ನಿಲ್ದಾಣ ಕಟ್ಟಿದರೆ ಅದರ ಖರ್ಚಿಗೆ ಎನರ್ಜಿ ಹೋಗುತ್ತದೆ. ಕೊನೆಗೆ ಕೆಂಪಗೆ ಕಾಣುವುದು ಎನರ್ಜಿ, ಶುರುವಾಗಿದ್ದು ಲ್ಯಾಬ್‌ನಿಂದ. ನಡುವೆ ಆಟದ ಲೆಕ್ಕದಲ್ಲಿ ವರ್ಷಗಳೇ ಕಳೆದಿರುತ್ತವೆ. ನಂಬರ್ ಮೇಲೆ ಮೌಸ್ ಇಟ್ಟರೆ ಎಲ್ಲಿಂದ ಎಷ್ಟು ಬಂತು, ಎಲ್ಲಿಗೆ ಎಷ್ಟು ಹೋಯಿತು ಅನ್ನುವ ಪಟ್ಟಿ ಬರುತ್ತದೆ, ಅದು ನಿಜಕ್ಕೂ ಒಳ್ಳೆಯ ವ್ಯವಸ್ಥೆ. ಆದರೆ ಆ ಪಟ್ಟಿ ಈ ತಿಂಗಳ ಸ್ಥಿತಿ ಹೇಳುತ್ತದೆಯೇ ಹೊರತು, ನೀವು ಇಲ್ಲಿಗೆ ಬಂದಿದ್ದು ಯಾವ ದಾರಿಯಲ್ಲಿ ಅಂತ ಹೇಳಲ್ಲ. ಆಟದೊಳಗಿನ ಟ್ಯುಟೋರಿಯಲ್ ರೋಬೋ ಕೂಡ ಅಷ್ಟೇ. ಯಾವ ಬಟನ್ ಎಲ್ಲಿದೆ ಅಂತ ಚೆನ್ನಾಗಿ ತೋರಿಸುತ್ತದೆ, ಅದನ್ನು ಯಾವಾಗ ಒತ್ತಬೇಕು ಅನ್ನುವುದನ್ನು ನಮಗೇ ಬಿಡುತ್ತದೆ.

ವಿಡಿಯೋ ನೋಡಿ ಕಲಿಯೋಣ ಅಂದರೆ ಇನ್ನೊಂದು ತೊಡಕು. ಈ ಆಟ ಬದಲಾಗುತ್ತಲೇ ಇದೆ. 2018ರ ಶುರುವಿನಲ್ಲಿ ನಕ್ಷತ್ರಗಳ ನಡುವೆ ಓಡಾಡುವ ಮೂರು ಬಗೆಯಲ್ಲಿ ಎರಡನ್ನು ತೆಗೆದು ಹೈಪರ್‌ಲೇನ್, ಅಂದರೆ ನಕ್ಷತ್ರದಿಂದ ನಕ್ಷತ್ರಕ್ಕೆ ಗೊತ್ತಾದ ದಾರಿಯಲ್ಲೇ ಹೋಗುವುದು, ಒಂದನ್ನೇ ಉಳಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಗ್ರಹದ ಮೇಲೆ ಕಟ್ಟಡ ಕಟ್ಟುವ ಚೌಕಗಳು ಹೋಗಿ ಡಿಸ್ಟ್ರಿಕ್ಟ್‌ಗಳು, ಅಂದರೆ ಒಂದೊಂದು ಬಗೆಯ ಕೆಲಸದ ವಿಭಾಗಗಳು ಬಂದವು. 2025ರ ಮೇ ತಿಂಗಳಲ್ಲಿ ಬಂದ 4.0 ಅಪ್‌ಡೇಟ್ ಜನಸಂಖ್ಯೆ ಮತ್ತು ಗ್ರಹ ನಡೆಸುವ ರೀತಿಯನ್ನು ಮತ್ತೆ ಬದಲಿಸಿತು. ಹಾಗಾಗಿ ಹಳೆಯ ವಿಡಿಯೋದಲ್ಲಿ ಕಾಣುವ ಪರದೆ ನಿಮ್ಮ ಪರದೆ ಆಗಿರಲ್ಲ. ವಿಡಿಯೋ ನೋಡುವ ಮೊದಲು ಅದು ಯಾವ ವರ್ಷದ್ದು ಅಂತ ನೋಡಿಕೊಳ್ಳಿ, ದಯವಿಟ್ಟು.

ಇಷ್ಟೆಲ್ಲಾ ಹೇಳಿದ ಮೇಲೂ, ಮನಸ್ಸು ಹಿಡಿದಿದ್ದು ಇದೇ ಆಟ. ಯುನೈಟೆಡ್ ನೇಷನ್ಸ್ ಆಫ್ ಅರ್ಥ್ ಆರಿಸಿಕೊಂಡರೆ ನಮ್ಮದೇ ಸೌರಮಂಡಲದಿಂದ ಶುರು. ಗುರು, ಶನಿ ಎಲ್ಲಾ ಅಲ್ಲೇ ಇವೆ, ಪಕ್ಕದಲ್ಲೇ ಆಲ್ಫಾ ಸೆಂಟಾರಿ. ಸೈನ್ಸ್ ಶಿಪ್ ಒಂದೊಂದು ಗ್ರಹ ಸರ್ವೆ ಮಾಡುವಾಗ ಏನಾದರೂ ವಿಚಿತ್ರ ಸಿಕ್ಕಿತು ಅಂತ ಕಿಟಕಿ ತೆರೆಯುತ್ತದೆ, ಹುಡುಗ ಪ್ರತಿಯೊಂದನ್ನೂ ಜೋರಾಗಿ ಓದಿ ಹೇಳುತ್ತಿದ್ದ. ಆ ಹುಡುಕಾಟದ ಖುಷಿಯನ್ನು ಬೇರೆ ಎರಡು ಆಟಗಳೂ ಇಷ್ಟು ಚೆನ್ನಾಗಿ ಕೊಡಲಿಲ್ಲ.

ಎಂಡ್‌ಲೆಸ್ ಸ್ಪೇಸ್ 2 ಪ್ಯಾರಿಸ್ಸಿನ ಆಂಪ್ಲಿಟ್ಯೂಡ್ ಸ್ಟುಡಿಯೋಸ್ 2017ರಲ್ಲಿ ತಂದಿದ್ದು. ಇದು ಟರ್ನ್ ಆಟ. ನೀವು ಬಟನ್ ಒತ್ತುವ ತನಕ ಬ್ರಹ್ಮಾಂಡ ನಿಂತಿರುತ್ತದೆ. ಇದೇ ಇದರ ದೊಡ್ಡ ಗುಣ. ಒಂದು ಟರ್ನ್‌ನಲ್ಲಿ ನಾಲ್ಕೈದು ಕೆಲಸ ಮಾಡುತ್ತೀರಿ, ಮುಂದಿನ ಟರ್ನ್‌ನಲ್ಲಿ ನಂಬರ್ ಬದಲಾಗುತ್ತದೆ, ಯಾಕೆ ಬದಲಾಯಿತು ಅನ್ನುವುದು ಇನ್ನೂ ತಲೆಯಲ್ಲಿರುತ್ತದೆ. ಲೆಕ್ಕ ಇಡಬೇಕಾದದ್ದು ಮುಖ್ಯವಾಗಿ ಐದು: ಆಹಾರ, ಇಂಡಸ್ಟ್ರಿ, ಡಸ್ಟ್ ಅನ್ನುವ ಹಣ, ವಿಜ್ಞಾನ, ಇನ್‌ಫ್ಲುಯೆನ್ಸ್. ಕಟ್ಟುವ ಕೆಲಸವೂ ಗ್ರಹಕ್ಕೊಂದರಂತೆ ಅಲ್ಲ, ಇಡೀ ನಕ್ಷತ್ರ ಮಂಡಲಕ್ಕೆ, ಅಂದರೆ ಒಂದು ನಕ್ಷತ್ರ ಮತ್ತು ಅದರ ಗ್ರಹಗಳಿಗೆಲ್ಲ ಸೇರಿ ಒಂದೇ ಸಾಲು.

ಇದರಲ್ಲಿ ಹೊಸಬರು ಎಡವುವ ಜಾಗ ಅಂದರೆ ವಸಾಹತು. ಖಾಲಿ ಗ್ರಹ ಕಂಡಲ್ಲೆಲ್ಲ ಹಡಗು ಕಳಿಸೋಣ ಅನ್ನಿಸುತ್ತದೆ, ಅದು ಸಹಜ. ಆದರೆ ಎಷ್ಟು ಮಂಡಲ ಹಿಡಿಯಬಹುದು ಅನ್ನುವುದಕ್ಕೆ ಒಂದು ಮಿತಿ ಇದೆ. ಅದನ್ನು ದಾಟಿದರೆ ಎಲ್ಲಾ ಕಡೆ ಜನರ ಸಮಾಧಾನ ಕುಸಿಯುತ್ತದೆ, ಹಿಂದೆಯೇ ಉತ್ಪಾದನೆ ಕುಸಿಯುತ್ತದೆ. ಸ್ಟೆಲ್ಲಾರಿಸ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಚೆನ್ನಾಗಿ ಕಾಣುತ್ತದೆ. ಸಮಾಧಾನದ ಗುರುತಿನ ಮೇಲೆ ಮೌಸ್ ಇಟ್ಟರೆ, ಮಿತಿ ಮೀರಿದ ವಸಾಹತಿನಿಂದ ಇಷ್ಟು ಕಡಿತ ಅಂತ ಒಂದು ಸಾಲು ನೇರವಾಗಿ ಬರೆದಿರುತ್ತದೆ. ಕಾರಣವೂ ಪರಿಣಾಮವೂ ಒಂದೇ ಕಡೆ. ಮಿತಿ ಏರಿಸುವ ಸಂಶೋಧನೆ ಮೊದಲು ಮಾಡಿಕೊಂಡು, ಆಮೇಲೆ ಹಡಗು ಕಳಿಸಿದರೆ ಆಯಿತು. ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ರಾಜಕೀಯವೂ ಹೀಗೇ ಅರ್ಥವಾಗುತ್ತದೆ. ಯುದ್ಧ ಮಾಡುತ್ತಾ ಇದ್ದರೆ ಮಿಲಿಟರಿ ಪಕ್ಷಕ್ಕೆ ಬೆಂಬಲ ಹೆಚ್ಚುತ್ತದೆ, ಸಂಶೋಧನೆ ಜಾಸ್ತಿಯಾದರೆ ವಿಜ್ಞಾನಿಗಳ ಪಕ್ಷಕ್ಕೆ. ಚುನಾವಣೆ ಬಂದಾಗ ಅದರ ಫಲ ನಿಮ್ಮ ಮುಂದೆ ಇರುತ್ತದೆ. ಒಂದು ಎಚ್ಚರಿಕೆ, ಎಲ್ಲಾ ಜನಾಂಗಗಳೂ ಹೊಸಬರಿಗಲ್ಲ. ವೋಡ್ಯಾನಿಗಳು ದೊಡ್ಡ ಹಡಗುಗಳಲ್ಲೇ ವಾಸ ಮಾಡುತ್ತಾರೆ, ಕ್ರೇವರ್‌ಗಳು ಇರುವ ಗ್ರಹವನ್ನೇ ಬರಿದು ಮಾಡುತ್ತಾರೆ, ಅವರ ನಿಯಮಗಳೇ ಬೇರೆ. ಸೋಫನ್ಸ್ ಅಥವಾ ಯುನೈಟೆಡ್ ಎಂಪೈರ್ ಹಿಡಿಯಿರಿ.

ಇದರಲ್ಲಿ ನನಗೆ ಹಿಡಿಸದ್ದು ಯುದ್ಧ. ಶುರುವಿನಲ್ಲಿ ಒಂದು ತಂತ್ರದ ಕಾರ್ಡ್ ಆರಿಸಬೇಕು, ಆಮೇಲೆ ಸಿನಿಮಾ ಥರ ನೋಡುತ್ತಾ ಕೂರಬೇಕು. ನೋಡಲು ಚೆಂದ, ಕೈಗೆ ಕೆಲಸ ಇಲ್ಲ.

ನಮ್ಮ ಬೆಂಗಳೂರಿಗೆ ಸಂಬಂಧಪಟ್ಟ ಎರಡು ಮಾತು. ಮಳೆ ಬಂದು ಕರೆಂಟ್ ಹೋಗುವ ಸಂಜೆಗಳಲ್ಲಿ ಟರ್ನ್ ಆಟವೇ ಸುಖ, ಆಟೋಸೇವ್ ಇರುತ್ತದೆ, ಬಿಟ್ಟ ಕಡೆಯಿಂದ ಹಿಡಿಯುವುದು ಸುಲಭ. ಸ್ಟೆಲ್ಲಾರಿಸ್‌ನಲ್ಲೂ ಆಟೋಸೇವ್ ಇದೆ, ಆದರೆ ಮರುದಿನ ತೆರೆದಾಗ ಯಾವ ಹಡಗು ಯಾಕೆ ಎಲ್ಲಿಗೆ ಹೊರಟಿತ್ತು ಅನ್ನುವುದನ್ನು ನೆನಪು ಮಾಡಿಕೊಳ್ಳಲೇ ಸ್ವಲ್ಪ ಹೊತ್ತು ಬೇಕು. ಇನ್ನೊಂದು, ಈ ಆಟಕ್ಕಾಗಿ ಎಸ್.ಪಿ. ರೋಡ್‌ಗೆ ಹೋಗಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ತರುವ ಯೋಚನೆ ಇದ್ದರೆ ತಡೆಯಿರಿ. ಸ್ಟೆಲ್ಲಾರಿಸ್ ಕೊನೆಕೊನೆಗೆ ನಿಧಾನವಾಗುವುದು ಮುಖ್ಯವಾಗಿ ಪ್ರೊಸೆಸರ್ ಮೇಲಿನ ಲೆಕ್ಕದ ಹೊರೆಯಿಂದ. ಗ್ಯಾಲಕ್ಸಿ ಚಿಕ್ಕದು ಮಾಡಿದರೆ ಕಾಸಿಲ್ಲದೆ ಕೆಲಸ ಆಗುತ್ತದೆ.

ಸಿನ್ಸ್ 2 ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೆನಡಾದ ಐರನ್‌ಕ್ಲಾಡ್ ಮಾಡಿದ್ದು, 2024ರಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಗೆ ಬಂತು. ಇಡೀ ನಕ್ಷೆಯಿಂದ ಒಂದೇ ಹಡಗಿನ ತನಕ ಮೌಸ್ ಚಕ್ರ ತಿರುಗಿಸಿ ಹೋಗಬಹುದು, ಗ್ರಹಗಳು ಕಕ್ಷೆಯಲ್ಲಿ ಸುತ್ತುವುದರಿಂದ ದಾರಿಗಳೇ ಬದಲಾಗುತ್ತವೆ, ಅದಂತೂ ಅದ್ಭುತ. ಆದರೆ ಇದು ರಿಯಲ್ ಟೈಮ್, ಅಂದರೆ ಸರದಿಗೆ ಕಾಯದೆ ಸಮಯ ತಾನೇ ಓಡುವ ಯುದ್ಧದ ಆಟ. ಎಡಗಡೆ ಏನೋ ಓದುತ್ತಿರುವಾಗ ಬಲಗಡೆ ಶತ್ರು ಬಂದು ಗ್ರಹಕ್ಕೆ ಬಾಂಬ್ ಹಾಕುತ್ತಿರುತ್ತಾನೆ. ಮೊದಲೇ ಬೇರೆ ರಿಯಲ್ ಟೈಮ್ ಸ್ಟ್ರಾಟಜಿ ಆಡಿದವರಿಗೆ ಇದು ಬೇಗ ಒಗ್ಗುತ್ತದೆ. ನಮ್ಮಿಬ್ಬರಲ್ಲಿ ಹುಡುಗನಿಗೆ ಒಗ್ಗಿತು, ನನಗಲ್ಲ.

ಹಾಗಾಗಿ ನನ್ನ ಸಲಹೆ, ಎಂಡ್‌ಲೆಸ್ ಸ್ಪೇಸ್ 2 ಮೊದಲು, ಸ್ಟೆಲ್ಲಾರಿಸ್ ಆಮೇಲೆ. ಗೆಲ್ಲುವ ತನಕ ಕಾಯಬೇಕಿಲ್ಲ. ಉತ್ಪಾದನೆ, ಜನರ ಸಮಾಧಾನ, ವಿಸ್ತಾರ ಈ ಮೂರೂ ಒಂದನ್ನೊಂದು ಹೇಗೆ ಎಳೆಯುತ್ತವೆ ಅನ್ನುವುದು ಕೈಗೆ ಹತ್ತಿದರೆ ಸಾಕು. ಆಮೇಲೆ ಸ್ಟೆಲ್ಲಾರಿಸ್ ತೆರೆದಾಗ ಆ ಮೇಲಿನ ಸಾಲು ಅಷ್ಟು ಹೆದರಿಸಲ್ಲ. ಗ್ಯಾಲಕ್ಸಿ 200 ಅಥವಾ 400 ನಕ್ಷತ್ರದ್ದು ಇಟ್ಟುಕೊಳ್ಳಿ, ಎದುರಾಳಿ ಸಾಮ್ರಾಜ್ಯಗಳನ್ನು ಕಮ್ಮಿ ಮಾಡಿ, ಕಷ್ಟದ ಮಟ್ಟವನ್ನು ಕೆಳಗಿಳಿಸಿ, ಹಿಂದಿನ ಸೇವ್‌ಗೆ ಮರಳಲು ಬಿಡದ ಐರನ್‌ಮ್ಯಾನ್ ಸೆಟ್ಟಿಂಗ್ ಆಫ್ ಇರಲಿ, ಹಳೆಯ ಸೇವ್‌ಗೆ ಹಿಂದಿರುಗಿ ಬೇರೆ ದಾರಿ ನೋಡುವುದೇ ಕಲಿಯಲು ಒಳ್ಳೆಯ ಉಪಾಯ. ಹೊಸ ಲ್ಯಾಬ್ ಕಟ್ಟುವ ಮೊದಲು ಪ್ರತಿ ಸಲ ನಿಲ್ಲಿಸಿ, ಕನ್ಸ್ಯೂಮರ್ ಗೂಡ್ಸ್ ಎಷ್ಟು ಉಳಿಯುತ್ತಿದೆ ಅಂತ ನೋಡಿ. ವಿಸ್ತರಣೆ ಪ್ಯಾಕ್‌ಗಳು ರಾಶಿ ಇವೆ, ಒಂದನ್ನೂ ಈಗ ಕೊಳ್ಳಬೇಡಿ. ಮೂಲ ಆಟವನ್ನು ಸ್ಟೀಮ್ ಸೇಲ್‌ನಲ್ಲಿ ತಗೊಂಡು ಆಟದ 2300ನೇ ಇಸವಿ ತನಕ ಆಡಿ ನೋಡಿ, ಏನು ಕಮ್ಮಿ ಅನ್ನಿಸುತ್ತದೋ ಅದರ ಪ್ಯಾಕ್ ಮಾತ್ರ ಆಮೇಲೆ ಯೋಚಿಸಿ.